ಹಸಿರು ಕಪ್ಪೆ, ಕರಿ ಆನೆ

“ಜೇಬಲ್ಲಿ ಏನಿದೆ? ತೋರ್ಸಿ!”

ಆ ಕೂಗು ಶೆಡ್ಡಿನ ತಗಡಿಗೆ ಬಡಿದು ಇನ್ನೊಂದು ಸಲ ಕೇಳಿಸಿತು. ಕಾರಿನ ಬಾನೆಟ್ ಮುಚ್ಚುತ್ತಿದ್ದ ಮೆಕ್ಯಾನಿಕ್ ಸ್ಪ್ಯಾನರ್ ಮಾಮ ಬೆಚ್ಚಿಬಿದ್ದು ತಿರುಗಿದರು.

ಇಷ್ಟು ಹೊತ್ತು ಹಿಂದಿನ ಚಕ್ರದ ಪಕ್ಕ ಕೂತು ಹಳೇ ಟೂತ್‌ಬ್ರಶ್ಶಿನಿಂದ ಕಡ್ಡಿ ಉಜ್ಜುತ್ತಿದ್ದ ಹುಡುಗಿ ಈಗ ಎದ್ದು ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈಯಲ್ಲಿದ್ದ ಬ್ರಶ್ಶು ನೇರವಾಗಿ ಮಾಮನ ಅಂಗಿ ಜೇಬನ್ನು ತೋರಿಸುತ್ತಿತ್ತು.

“ಯಾಕೆ ಪೊಲೀಸಮ್ಮ? ಏನಾಯ್ತು?” ಅಂದರು ಮಾಮ.

“ನಾನು ನೋಡ್ದೆ. ಬಾನೆಟ್ ಒಳಗಿಂದ ಏನೋ ತೆಗೆದ್ರಿ, ಹಳದಿ ಬಟ್ಟೇಲಿ ಸುತ್ತಿದ್ರಿ, ಜೇಬಿಗೆ ಹಾಕಿದ್ರಿ. ತೋರ್ಸಿ.”

ಪೊಲೀಸಮ್ಮ ಅನ್ನುವುದು ಅವಳಿಗೆ ಮನೆಯಲ್ಲಿ ಇಟ್ಟ ಹೆಸರು. ವಯಸ್ಸು ಹತ್ತೇ ಆದರೂ ಅನುಮಾನ ಮಾತ್ರ ನಲವತ್ತು ವರ್ಷ ಸರ್ವೀಸ್ ಮಾಡಿದವರಿಗೆ ಇರುವಷ್ಟಿತ್ತು. ಡಬ್ಬದಲ್ಲಿ ಒಂದು ಬಿಸ್ಕೆಟ್ ಕಡಿಮೆಯಾದರೆ ಸಾಕು, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ “ಆ ಅನ್ನಿ” ಎಂದು ಬಾಯಿ ಮೂಸಿ ನೋಡುತ್ತಿದ್ದಳು.

ಈ ಬುದ್ಧಿ ಅವಳಿಗೆ ಬಂದದ್ದು ತಾತನಿಂದ. ತಾತ ಗಡಿಯಾರ ರಿಪೇರಿ ಮಾಡುತ್ತಿದ್ದರು. ಸಾಸಿವೆ ಕಾಳಿನಷ್ಟು ಸ್ಕ್ರೂಗಳು ಅವರ ಮೇಜಿನ ಮೇಲೆ ಇರುತ್ತಿದ್ದವು. ಅಂಗಡಿಗೆ ಬಂದವರು ಸ್ವಲ್ಪ ಜೋರಾಗಿ ಸೀನಿದರೂ ತಾತ ಸ್ಕ್ರೂಗಳನ್ನು ಮೊದಲಿಂದ ಎಣಿಸುತ್ತಿದ್ದರು. “ಪೊಲೀಸಮ್ಮ, ಮಾತು ಎಲ್ಲಾದ್ರೂ ಇರ್ಲಿ, ಕಣ್ಣು ಮಾತ್ರ ಎದುರಿಗಿರೋರ ಕೈ ಮೇಲಿರ್ಬೇಕು” ಎಂದು ಅವಳಿಗೂ ಹೇಳಿಕೊಟ್ಟಿದ್ದರು.

ತಾತ ಹೋಗಿ ಈಗ ಎರಡು ತಿಂಗಳು.

ಸ್ಪ್ಯಾನರ್ ಮಾಮ ನಿಧಾನವಾಗಿ ಜೇಬಿಗೆ ಕೈ ಹಾಕಿದರು. ಹಳದಿ ಬಟ್ಟೆಯ ಗಂಟನ್ನು ಹೊರಗೆ ತೆಗೆದು ಬಿಚ್ಚಿದರು. ಒಳಗೆ ಬಟ್ಟಲಿನಂಥ ಒಂದು ಕಪ್ಪು ಮುಚ್ಚಳ ಇತ್ತು. ಮುಚ್ಚಳದ ತಲೆಯ ಮೇಲೆ ಐದು ಗಿಡ್ಡ ಕೊಳವೆಗಳು.

“ನೋಡಿದ್ರಾ! ನೋಡಿದ್ರಾ!” ಎಂದು ಪೊಲೀಸಮ್ಮ ಕುಣಿದಳು. “ಅಮ್ಮಾ, ಬಾ ಇಲ್ಲಿ! ಕಳ್ಳ ಸಿಕ್ಕಿಬಿದ್ದ!”

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ‘ಕಳ್ಳ’ ಅನ್ನುವ ಮಾತು ಕಿವಿಗೆ ಬಿದ್ದು ಅವಳ ಮುಖ ಬಿಳುಚಿಕೊಂಡಿತ್ತು.

“ಕಾಣೆಯಾಗಿರೋ ರೋಟರ್ ಇದೆಯಲ್ಲ, ಅದರ ಮೇಲೆ ಕೂರೋ ಮುಚ್ಚಳ ಮಗಳೇ ಇದು,” ಎಂದರು ಮಾಮ, ಅಮ್ಮನ ಕಡೆ ನೋಡಿ. ಅಮ್ಮ ಪುಟ್ಟ ಹುಡುಗಿಯಾಗಿದ್ದಾಗಿನಿಂದ ಅವರು ಅವಳನ್ನು ಮಗಳೇ ಎಂದೇ ಕರೆಯುತ್ತಿದ್ದರು. “ಗುಜರಿ ಅಂಗಡೀಲಿ ಇದನ್ನ ತೋರಿಸಿದ್ರೆ ಅಳತೆಗೆ ಸರಿಯಾದ ರೋಟರ್ ಸಿಗಬಹುದು ಅಂತ...”

“ಹಾಗಾದ್ರೆ ಕೇಳ್ಬೇಕಿತ್ತು! ಕೇಳ್ದೆ ಯಾಕೆ ತಗೊಂಡ್ರಿ? ಆ ರೋಟರನ್ನೂ ನೀವೇ ತಗೊಂಡಿರ್ತೀರ!”

ಮಾಮ ಬಾನೆಟ್ ಎತ್ತಿ, ಮುಚ್ಚಳವನ್ನು ಅದರ ಜಾಗದಲ್ಲಿ ಕೂರಿಸಿ, ಎರಡು ಕ್ಲಿಪ್ ಹಾಕಿದರು. ಬಾನೆಟ್ ಮುಚ್ಚಿ ಅದರ ಚರ್ಮದ ಬೆಲ್ಟ್ ಬಿಗಿದರು. ಆಮೇಲೆ ಸೊಂಟದಲ್ಲಿದ್ದ ಕೀ ಗೊಂಚಲಿನಿಂದ ಒಂದು ಕೀ ಬಿಡಿಸಿದರು. ಅವರ ಬೆರಳುಗಳು ದಪ್ಪ, ಕೀ ಬಳೆ ಗಟ್ಟಿ. ಬಿಡಿಸಲು ತುಂಬ ಹೊತ್ತು ಹಿಡಿಯಿತು.

“ಇಪ್ಪತ್ತೇಳು ವರ್ಷದಿಂದ ಈ ಶೆಡ್ಡಿನ ಕೀ ನನ್ನ ಹತ್ರ ಇತ್ತು ಮಗಳೇ,” ಎಂದು ಅದನ್ನು ಅಮ್ಮನ ಕೈಗಿಟ್ಟರು. “ಗಡಿಯಾರದಣ್ಣ ಒಂದು ದಿನಾನೂ ನನ್ನ ಜೇಬು ನೋಡಿದವರಲ್ಲ.”

“ಮಾಮ, ಚಿಕ್ಕ ಹುಡುಗಿ ಅವಳು, ಅವಳ ಮಾತಿಗೆ...” ಎಂದು ಅಮ್ಮ ಹಿಂದೆಯೇ ಗೇಟಿನವರೆಗೂ ಹೋದಳು. ಮಾಮ ನಿಲ್ಲಲಿಲ್ಲ.

ಪೊಲೀಸಮ್ಮ ಮತ್ತೆ ಚಕ್ರದ ಪಕ್ಕ ಕೂತಳು. ಒಂದು ಚಕ್ರಕ್ಕೆ ನಲವತ್ತೆಂಟು ಕಡ್ಡಿ. ಇಪ್ಪತ್ತನಾಲ್ಕು ಆಗಿತ್ತು. ಯಾಕೋ ಉಳಿದದ್ದನ್ನು ಉಜ್ಜಲು ಮನಸ್ಸೇ ಬರಲಿಲ್ಲ. ಬ್ರಶ್ಶನ್ನು ಅಲ್ಲೇ ಬಿಟ್ಟು ಎದ್ದುಹೋದಳು.

* * *

ಆ ಕಾರಿನ ಹೆಸರು ಹಸಿರು ಕಪ್ಪೆ. ಬಾಟಲಿ ಹಸಿರಿನ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಚಾವಣಿ, ಮುಂದೆ ಉಬ್ಬಿದ ಎರಡು ಲೈಟು. ನೆಲಕ್ಕೆ ಅಂಟಿಕೊಂಡಂತೆ ಕೂತಿರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಕುಪ್ಪಳಿಸಿಕೊಂಡು ಹೋಗುತ್ತಿತ್ತು. ಅದಕ್ಕೇ ತಾತ ಆ ಹೆಸರಿಟ್ಟಿದ್ದರು.

ತಾತ ಬರೆದಿಟ್ಟ ಕಾಗದದಲ್ಲಿ ಕಪ್ಪೆಯ ಬಗ್ಗೆ ಮೂರು ಸಾಲಿತ್ತು. ‘ಗಾಡಿ ಮಗಳಿಗೆ. ಅವಳ ನಂತರ ಮೊಮ್ಮಗಳಿಗೆ. ಆದರೆ ಅದು ಓಡಬೇಕು, ಸುಮ್ಮನೆ ನಿಲ್ಲಿಸಿಡುವುದಾದರೆ ಬೇರೆಯವರಿಗೆ ಕೊಟ್ಟುಬಿಡಿ.’

ತೊಂದರೆ ಅಲ್ಲೇ ಇದ್ದದ್ದು. ಕಪ್ಪೆ ಓಡುತ್ತಿರಲಿಲ್ಲ. ಹೋದ ಭಾನುವಾರ ಅಮ್ಮ ಚೋಕ್ ಎಳೆದು ಸ್ಟಾರ್ಟರ್ ಗುಂಡಿ ಒತ್ತಿದ್ದಳು. ಕರ್‌ಕರ್‌ಕರ್ ಎಂದು ಕೆಮ್ಮಿತೇ ಹೊರತು ಎಂಜಿನ್ ಏಳಲಿಲ್ಲ. ಮಾಮ ಬಂದು ಒಳಗೆ ನೋಡಿ, “ರೋಟರ್ರೇ ಇಲ್ಲ,” ಎಂದರು. “ಗಡಿಯಾರದಣ್ಣ ಗಾಡಿ ನಿಲ್ಲಿಸಿದಾಗೆಲ್ಲ ಅದನ್ನ ಬಿಚ್ಚಿ ಇಟ್ಕೊಳ್ತಿದ್ರು. ರೋಟರ್ ಇಲ್ದೆ ಯಾರೂ ಗಾಡಿ ಕದ್ದು ಓಡಿಸೋಕಾಗಲ್ಲ ನೋಡಿ. ಎಲ್ಲಿಡ್ತಿದ್ರೋ, ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ.”

ಅದು ಹೇಗಿರುತ್ತದೆ ಎಂದು ಮಾಮ ಅಮ್ಮನಿಗೆ ಏನೇನೋ ವಿವರಿಸಿದ್ದರು. ಪೊಲೀಸಮ್ಮ ಅದನ್ನು ಕೇಳಿಸಿಕೊಂಡಿರಲಿಲ್ಲ. ತಾತ ಹೇಳಿಕೊಟ್ಟಂತೆ ಅವಳ ಕಣ್ಣು ಮಾಮನ ಕೈ ಮೇಲಿತ್ತು.

ಅಮ್ಮ ಇಡೀ ಮನೆ ಜಾಲಾಡಿದಳು. ತಾತನ ಕೋಟಿನ ಜೇಬು, ಅಂಗಡಿಯ ಡ್ರಾಯರು, ಸ್ಕ್ರೂ ಡಬ್ಬಗಳು, ಹಳೇ ಬೂಟಿನ ಒಳಗೆ. ಕಪಾಟಿನ ಮೇಲಿದ್ದ ಚೆಸ್ ಡಬ್ಬಕ್ಕೂ ಕೈ ಹಾಕಿದ್ದಳು. ಆಗ ಪೊಲೀಸಮ್ಮ ಓಡಿಬಂದು ಅದನ್ನು ಅವಚಿಕೊಂಡು, “ಇದನ್ನ ಮುಟ್ಬೇಡ. ಇದ್ರಲ್ಲಿ ಬರೀ ಚೆಸ್ ಕಾಯಿ ಇರೋದು,” ಎಂದಿದ್ದಳು. ಅಮ್ಮ ಅವಳ ಮುಖ ನೋಡಿ ಡಬ್ಬವನ್ನು ತೆರೆಯದೆ ಬಿಟ್ಟಿದ್ದಳು.

ಇವತ್ತು ಮತ್ತೆ ಭಾನುವಾರ. ಮಾಮ ಹೋದ ಮೇಲೆ ಮಧ್ಯಾಹ್ನ ದೊಡ್ಡ ಮಾವನ ಫೋನು ಬಂತು. ದೊಡ್ಡ ಮಾವ ಅಂದರೆ ಅಮ್ಮನ ಅಣ್ಣ. ಫೋನಿನಲ್ಲಿ ಮಾತಾಡಿದರೂ ಪಕ್ಕದ ರಸ್ತೆಗೆ ಕೇಳಿಸುವಂಥ ಗಂಟಲು.

“ಅದು ಇನ್ನು ಏಳಲ್ಲ ಕಣೇ, ಸುಮ್ನೆ ಯಾಕೆ ಜಾಗ ತಿನ್ನುತ್ತೆ? ನನ್ನ ಫ್ರೆಂಡು ಒಬ್ಬ ಹೋಟೆಲ್ ಮಾಡಿದಾನೆ. ಬಾಗಿಲಲ್ಲಿ ನಿಲ್ಲಿಸ್ಕೊಳ್ತಾನಂತೆ. ಶೋಗೆ! ಸೀಟು ಕಿತ್ತು ಒಳಗೆ ಹೂವಿನ ಕುಂಡ ಇಡ್ತಾನಂತೆ, ಚೆನ್ನಾಗಿರುತ್ತೆ. ಬರೋ ಭಾನುವಾರ ಟ್ರಕ್ ಕಳಿಸ್ತಾನೆ.”

ಅಮ್ಮ “ಭಾನುವಾರದೊಳಗೆ ಸ್ಟಾರ್ಟ್ ಆಗದಿದ್ರೆ ಕಳಿಸು ಅಣ್ಣ,” ಎಂದಳು.

ಹೂವಿನ ಕುಂಡ! ತಾತ ಕೂರುತ್ತಿದ್ದ ಸೀಟಿನ ಜಾಗದಲ್ಲಿ!

“ಎಲ್ಲಾ ಆ ಮಾಮನಿಂದ,” ಎಂದಳು ಪೊಲೀಸಮ್ಮ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಆ ಗಾಡಿ ತಾತನಿಗೆ ಸಿಕ್ಕಾಗ ಅದರೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು, ಗೊತ್ತಾ? ಬರೀ ತುಕ್ಕು. ತಾತ, ಸ್ಪ್ಯಾನರ್ ಮಾಮ ಇಬ್ರೂ ಸೇರಿ ಆರು ವರ್ಷ ಕೂತು ಅದನ್ನ ಕಾರು ಮಾಡಿದ್ರು. ಮಾಮನಿಗೆ ಅದ್ರಿಂದ ಒಂದು ವಸ್ತು ಬೇಕಿದ್ರೆ ಕದಿಯೋ ಅಗತ್ಯ ಇರ್ಲಿಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಕಳ್ಳರಿಗೆ ಹೀಗೇ ಎಲ್ಲರೂ ಸಪೋರ್ಟ್ ಮಾಡುವುದು ಎಂದುಕೊಂಡಳು ಪೊಲೀಸಮ್ಮ. ಆದರೆ ಕೀ ಬಿಡಿಸುತ್ತಿದ್ದ ಆ ದಪ್ಪ ಬೆರಳುಗಳು ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ತಾತನ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ಕಪಾಟಿನ ಮೇಲೆ ಚೆಸ್ ಡಬ್ಬ ಇತ್ತು. ಎರಡು ತಿಂಗಳಿಂದ ಅದನ್ನು ಅವಳು ತೆರೆದಿರಲಿಲ್ಲ. ಎದುರಿಗೆ ಕೂರುವವರಿಲ್ಲದೆ ತೆರೆದು ಏನು ಮಾಡುವುದು?

ಪ್ರತಿ ಭಾನುವಾರವೂ ಹಾಗೇ ಇತ್ತು. ಬೆಳಿಗ್ಗೆ ತಾತ ಕಪ್ಪೆಯನ್ನು ಓಡಿಸಿಕೊಂಡು ಬರುತ್ತಿದ್ದರು. ಬಂದವರೇ ಚೆಸ್ ಬೋರ್ಡ್ ಹರಡುತ್ತಿದ್ದರು. ಬಿಳಿ ಅವಳದು, ಕಪ್ಪು ತಾತನದು. ಕಪ್ಪು ಆನೆಯೊಂದು ಎರಡು ವರ್ಷದ ಹಿಂದೆ ಉರುಳಿಹೋಗಿ ಚರಂಡಿ ಪಾಲಾಗಿತ್ತು. ಅವಳು ಅತ್ತು ಕರೆದು ರಂಪ ಮಾಡಿದಾಗ ತಾತ ಅಂಗಿ ಜೇಬಿನಿಂದ ಏನೋ ತೆಗೆದು ಆ ಮನೆಯಲ್ಲಿ ಇಟ್ಟಿದ್ದರು. ಕಪ್ಪಗೆ, ಗಿಡ್ಡಗೆ, ತಲೆಯಿಂದ ಹಿತ್ತಾಳೆಯ ಪಟ್ಟಿಯೊಂದು ಮುಂದಕ್ಕೆ ಚಾಚಿಕೊಂಡಿತ್ತು.

“ನೋಡು, ಸೊಂಡಿಲು! ಇಂಥ ಆನೆ ಯಾವ ಅಂಗಡೀಲೂ ಸಿಗಲ್ಲ,” ಎಂದಿದ್ದರು ತಾತ.

ಅವಳು ಅಮ್ಮನಿಗೆ ಗೊತ್ತಾಗದಂತೆ ಕೆಂಪು ನೇಲ್ ಪಾಲಿಶ್ ತಂದು ಅದಕ್ಕೆ ಎರಡು ಕಣ್ಣು ಬರೆದಿದ್ದಳು. ಆ ಆನೆ ಮುಟ್ಟಿದಾಗೆಲ್ಲ ಬಿಸಿಬಿಸಿಯಾಗಿರುತ್ತಿತ್ತು. “ಬಿಸಿಲಲ್ಲಿ ಮೇಯೋಕೆ ಹೋಗಿತ್ತು, ಈಗ ಬಂತು,” ಎನ್ನುತ್ತಿದ್ದರು ತಾತ. ಆಟ ಮುಗಿದ ಮೇಲೆ ಅದನ್ನು ಡಬ್ಬದಲ್ಲಿ ಹಾಕುತ್ತಿದ್ದದ್ದು ಅವಳೇ. ಮುಂದಿನ ಭಾನುವಾರ ನೋಡಿದರೆ ಮತ್ತೆ ತಾತನ ಜೇಬಿನಿಂದಲೇ ಬರುತ್ತಿತ್ತು. ಡಬ್ಬದೊಳಗಿದ್ದದ್ದು ಜೇಬಿಗೆ ಹೇಗೆ ಹೋಯಿತು ಎಂದು, ಬಿಸ್ಕೆಟ್ಟಿಗೆ ಬಾಯಿ ಮೂಸುವ ಪೊಲೀಸಮ್ಮ ಒಂದು ಸಲವೂ ಕೇಳಿರಲಿಲ್ಲ. ತಾತನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

* * *

“ಕೇಸ್ ಹೇಳು,” ಎಂದಳು ಸೋಡಾಬುಡ್ಡಿ.

ಸೋಡಾಬುಡ್ಡಿ ಕ್ಲಾಸಿನಲ್ಲಿ ಅವಳ ಪಕ್ಕ ಕೂರುವವಳು. ಕನ್ನಡಕದ ಗಾಜು ಎಷ್ಟು ದಪ್ಪವೋ ತಲೆ ಅಷ್ಟೇ ಚುರುಕು. ಲಂಚ್ ಬ್ರೇಕಿನಲ್ಲಿ ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದರು.

ಪೊಲೀಸಮ್ಮ ನೋಟ್‌ಬುಕ್ ತೆಗೆದು ಓದಿದಳು. “ಕಳ್ಳನ ಹೆಸರು ಸ್ಪ್ಯಾನರ್ ಮಾಮ. ಎತ್ತರ ಬಾಗಿಲಿಗಿಂತ ಸ್ವಲ್ಪ ಕಮ್ಮಿ. ಮೀಸೆ ಇದೆ. ಎಡಗೈ ಹೆಬ್ಬೆರಳಿನ ಉಗುರು ಕಪ್ಪು. ಶೂ ಲೇಸ್ ಬಲಗಡೆ ಬಿಳಿ, ಎಡಗಡೆ ಬ್ರೌನ್.”

“ಸೂಪರ್. ಕಳುವಾದ ವಸ್ತು?”

“ರೋಟರ್.”

“ಅದು ಹೇಗಿರುತ್ತೆ?”

ಪೊಲೀಸಮ್ಮ ಪುಟ ತಿರುಗಿಸಿದಳು. ಇನ್ನೊಂದು ಪುಟ ತಿರುಗಿಸಿದಳು. ಎಲ್ಲೂ ಇರಲಿಲ್ಲ.

“ಗುಂಡಗಾ? ಚೌಕಾನಾ? ದೊಡ್ಡದಾ?”

“ಅದು... ಕಾರಿನ ಒಳಗೆ ಇರುತ್ತೆ.”

“ಅಯ್ಯೋ ನಿನ್ನ! ಕಳ್ದಿದ್ದು ಸೂಜಿನೋ ವಾಷಿಂಗ್ ಮೆಷಿನ್ನೋ ಅಂತಾನೇ ಗೊತ್ತಿಲ್ಲ, ಆಗ್ಲೇ ಅರೆಸ್ಟ್ ಮಾಡ್ಬಿಟ್ಯಾ?” ಎಂದು ಸೋಡಾಬುಡ್ಡಿ ನಕ್ಕ ನಗುವಿಗೆ ಅವಳ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು.

ಪೊಲೀಸಮ್ಮನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮನೆಗೆ ಬಂದವಳೇ ಅಮ್ಮನ ಫೋನಿನಲ್ಲಿ ‘ರೋಟರ್’ ಎಂದು ಹುಡುಕಿದಳು. ಹೆಲಿಕಾಪ್ಟರಿನ ರೆಕ್ಕೆ ಬಂತು. ಅಷ್ಟು ದೊಡ್ಡದು ಮಾಮನ ಜೇಬಿನಲ್ಲಿ ಹಿಡಿಸುವುದು ಅವಳಿಗೂ ಅನುಮಾನವೇ.

ಅಮ್ಮನನ್ನು ಕೇಳಿದಳು.

“ಏನೋ ಕಪ್ಪಗೆ ಚಿಕ್ಕದಾಗಿರುತ್ತಂತೆ. ಸರಿಯಾಗಿ ನೋಡಿರೋರು ಇಬ್ರೇ,” ಎಂದಳು ಅಮ್ಮ ತಲೆ ಎತ್ತದೆ. “ಒಬ್ರು ಹೋಗ್ಬಿಟ್ರು. ಇನ್ನೊಬ್ರನ್ನ ನೀನು ಓಡಿಸಿದೀಯ.”

ಬುಧವಾರ ಹೋಯಿತು. ಗುರುವಾರ ಬಂತು. ಟ್ರಕ್ ಬರಲು ಇನ್ನು ಮೂರೇ ದಿನ. ಕದ್ದ ಮಾಲನ್ನು ಕಳ್ಳ ತನ್ನ ಅಡ್ಡೆಯಲ್ಲೇ ಇಟ್ಟಿರುತ್ತಾನೆ ಎಂದು ಪೊಲೀಸಮ್ಮ ಯೋಚಿಸಿದಳು. ಅಡ್ಡೆಗೇ ಹೋಗಿ ನೋಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ರೋಟರ್ ಹೇಗಿರುತ್ತದೆ ಅಂತಲೂ ತಿಳಿಯುತ್ತದೆ, ಸಾಕ್ಷಿಯೂ ಸಿಗುತ್ತದೆ. ಸ್ಕೂಲ್ ಬಿಟ್ಟ ಮೇಲೆ ಅವಳು ಮನೆಯ ಕಡೆ ತಿರುಗಲಿಲ್ಲ.

* * *

ಸ್ಪ್ಯಾನರ್ ಮಾಮನ ಗ್ಯಾರೇಜು ಅಂಗಡಿ ಸಾಲಿನ ಹಿಂದೆ, ಗಲ್ಲಿಯ ಕೊನೆಯಲ್ಲಿತ್ತು. ಬಾಗಿಲಲ್ಲಿ ಟೈರುಗಳ ರಾಶಿ. ಗೋಡೆಯ ತುಂಬ ತಗಡಿನ ಡಬ್ಬಗಳು. ಯಾವ ಡಬ್ಬದಲ್ಲಿ ಏನಿದೆ ಎಂದು ಬರೆದಿರಲಿಲ್ಲ. ಒಳಗಿರುವ ನಟ್ಟನ್ನೋ ಬೋಲ್ಟನ್ನೋ ಒಂದೊಂದು ತೆಗೆದು ಮುಚ್ಚಳದ ಮೇಲೆ ಅಂಟಿಸಿಬಿಟ್ಟಿದ್ದರು.

ಒಂದು ವ್ಯಾನಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬಲಗಡೆ ಬಿಳಿ ಲೇಸು, ಎಡಗಡೆ ಬ್ರೌನ್. ಕಳ್ಳ ಅಲ್ಲೇ ಇದ್ದಾನೆ.

ಪೊಲೀಸಮ್ಮ ಉಸಿರು ಬಿಗಿಹಿಡಿದು ಬೆಕ್ಕಿನ ಹೆಜ್ಜೆ ಇಟ್ಟಳು. ಕಿಟಕಿಯ ಹತ್ತಿರ ಉದ್ದನೆಯ ಮೇಜು. ಅದರ ಮೇಲೆ ಅದೇ ಹಳದಿ ಬಟ್ಟೆ ಹಾಸಿತ್ತು. ಬಟ್ಟೆಯ ಮೇಲೆ ಸಾಲಾಗಿ ಮೂರು ಕಪ್ಪು ವಸ್ತುಗಳು.

ಅವಳು ಬಗ್ಗಿ ಒಂದನ್ನು ಎತ್ತಿಕೊಂಡು ನೋಡಿದಳು. ಗಿಡ್ಡ ಮೈ. ತಲೆಯ ಮೇಲೆ ಹಿತ್ತಾಳೆ ಪಟ್ಟಿ. ಮುಂದಕ್ಕೆ ಚಾಚಿದ ಸೊಂಡಿಲು.

“ಆನೆ!” ಅವಳಿಗೆ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತು. “ಇದು ನಮ್ಮ ಆನೆ! ನಮ್ಮ ಚೆಸ್ ಡಬ್ಬದಿಂದಾನೂ ಕದ್ರಾ?”

ವ್ಯಾನಿನ ಕೆಳಗೆ ‘ಟಣ್’ ಎಂದು ಸದ್ದಾಯಿತು. ತಲೆ ತಗುಲಿರಬೇಕು. ಮಾಮ ಹಣೆ ಉಜ್ಜಿಕೊಳ್ಳುತ್ತ ಈಚೆಗೆ ಜಾರಿ ಬಂದರು. ಅವಳನ್ನು ನೋಡಿದರು, ಅವಳ ಕೈಯಲ್ಲಿದ್ದದ್ದನ್ನೂ ನೋಡಿದರು.

“ಆನೆನಾ? ಅದು ರೋಟರ್ ಕಣಮ್ಮ.”

“ಹಾಗಂದ್ರೆ?” ಎಂದಳು ಪೊಲೀಸಮ್ಮ.

“ನಾಲ್ಕು ಮನೆಗೆ ಪೇಪರ್ ಹಾಕ್ತಾರಲ್ಲ, ಹಾಗೆ. ಇದು ಒಳಗೆ ಸುತ್ತುತ್ತಾ ಎಂಜಿನ್ನಿನ ನಾಲ್ಕು ಪ್ಲಗ್ಗಿಗೂ ಸರದಿ ಮೇಲೆ ಕಿಡಿ ಹಂಚುತ್ತೆ. ಇದಿಲ್ದಿದ್ರೆ ಕಿಡಿ ಇಲ್ಲ. ಕಿಡಿ ಇಲ್ದಿದ್ರೆ ಗಾಡಿ ಇಲ್ಲ.”

ಅವಳು ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದಳು. ಕೆಂಪು ಕಣ್ಣುಗಳಿರಲಿಲ್ಲ. ಸೊಂಡಿಲೂ ಕೊಂಚ ಮೋಟು. ಇದು ತಾತನ ಆನೆಯಲ್ಲ.

“ಹಾಗಾದ್ರೆ ಇದು ಯಾರದು?”

“ನಿಮ್ಮ ಕಪ್ಪೆಗೆ ಅಂತಾನೇ ತಂದಿದ್ದು. ಇಲ್ಲಿರೋ ಗುಜರಿ ಅಂಗಡಿ ಎಲ್ಲ ಸುತ್ತಿದೆ. ನಿನ್ನೆ ಗ್ಯಾರೇಜ್ ಮುಚ್ಚಿ ಬಸ್ಸಲ್ಲಿ ಪಕ್ಕದ ಊರಿಗೂ ಹೋಗಿದ್ದೆ. ಮುಚ್ಚಳ ಕೈಲಿದ್ದಿದ್ರೆ ಅಳತೆ ನೋಡ್ಬಹುದಿತ್ತು. ಅಂದಾಜಿನ ಮೇಲೆ ಮೂರು ತಂದಿದೀನಿ. ಯಾವುದೂ ಸರಿಹೋಗೋ ಹಾಗೆ ಕಾಣ್ತಿಲ್ಲ,” ಎಂದು ಮಾಮ ನಿಟ್ಟುಸಿರು ಬಿಟ್ಟರು.

ಪೊಲೀಸಮ್ಮ ಕೈಯಲ್ಲಿದ್ದ ರೋಟರನ್ನೇ ನೋಡಿದಳು.

“ನಾನು ನಿಮ್ಮನ್ನ ಕಳ್ಳ ಅಂದೆ,” ಎಂದಳು. “ಆದ್ರೂ ಯಾಕೆ ಹುಡುಕಿದ್ರಿ?”

“ಅಂದಿದ್ದು ನೀನಲ್ವಾ? ಕಪ್ಪೆ ಏನೂ ಅಂದಿಲ್ವಲ್ಲ.”

ಮಾಮ ಇದನ್ನು ಕೋಪದಿಂದ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ. ಹೇಳಿ ಮತ್ತೆ ವ್ಯಾನಿನ ಕೆಳಗೆ ಹೋಗಲು ಬಗ್ಗಿದರು. ಪೊಲೀಸಮ್ಮ ಆ ಮೋಟು ಸೊಂಡಿಲಿನದನ್ನು ಹಳದಿ ಬಟ್ಟೆಯ ಮೇಲೆ ಮೆತ್ತಗೆ ಇಟ್ಟಳು.

“ಮಾಮ, ಎಲ್ಲೂ ಹೋಗ್ಬೇಡಿ. ಇಲ್ಲೇ ಇರಿ. ಪ್ಲೀಸ್!”

ಬ್ಯಾಗನ್ನು ಟೈರುಗಳ ಮೇಲೆ ಎಸೆದು ಓಡಿದಳು.

* * *

ತಾತನ ಕೋಣೆಯ ಕುರ್ಚಿ ಹತ್ತಿ ಚೆಸ್ ಡಬ್ಬ ಇಳಿಸಿದಳು. ಮುಚ್ಚಳದ ಮೇಲೆ ಧೂಳು ಕೂತಿತ್ತು. ತೆರೆಯುವ ಮುಂಚೆ ಒಂದು ಗಳಿಗೆ ಕೈ ನಿಂತಿತು. ತೆರೆದಳು.

ರಾಜ, ಮಂತ್ರಿ, ಕುದುರೆಗಳ ಮಧ್ಯೆ, ಎರಡು ಕೆಂಪು ಕಣ್ಣು ಬಿಟ್ಟುಕೊಂಡು ಅದು ಮಲಗಿತ್ತು. ಎತ್ತಿಕೊಂಡಳು. ಮೊದಲ ಸಲ ಅದು ತಣ್ಣಗಿತ್ತು.

ಮನೆ ಪೂರ್ತಿ ಹುಡುಕಿದ್ದರು. ಈ ಡಬ್ಬ ಒಂದನ್ನು ಬಿಟ್ಟು. ಇದನ್ನು ಮುಟ್ಟಲು ಬಿಡದೆ ಅವಚಿಕೊಂಡಿದ್ದವಳು ಅವಳೇ. ಸಾಸಿವೆಯಷ್ಟು ಸ್ಕ್ರೂವನ್ನೂ ಎಣಿಸಿಡುತ್ತಿದ್ದ ತಾತ, ಇದನ್ನು ಮಾತ್ರ ಪ್ರತಿ ವಾರ ಅವಳ ಕೈಯಿಂದಲೇ ಡಬ್ಬಕ್ಕೆ ಹಾಕಿಸುತ್ತಿದ್ದರು. ಅವಳಿಗೆ ಅಳು ಬಂತು. ಅಳುತ್ತ ಕೂರಲು ಪುರುಸೊತ್ತಿರಲಿಲ್ಲವಾದ್ದರಿಂದ ಅಳುತ್ತಲೇ ಓಡಿದಳು.

ಗ್ಯಾರೇಜಿಗೆ ಬರುವಷ್ಟರಲ್ಲಿ ಮಾಮ ಕೈ ತೊಳೆದುಕೊಂಡು, ಅವಳ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಟೈರುಗಳ ಮೇಲೆ ಕೂತಿದ್ದರು. ಅವಳು ಮುಷ್ಟಿ ಬಿಚ್ಚಿದಳು.

ಮಾಮ ಅದನ್ನು ತೆಗೆದುಕೊಂಡರು. ತಿರುಗಿಸಿದರು. ಕೆಂಪು ಕಣ್ಣುಗಳನ್ನು ಕಂಡು ಅವರ ಹುಬ್ಬು ಮೇಲೇರಿತು.

“ಇದು ತಾತನ ಆನೆ,” ಎಂದಳು ಬಿಕ್ಕುತ್ತ. “ಚೆಸ್ ಆನೆ. ಅವರೇ ಇಟ್ಟಿದ್ದು. ನಂಗೆ ಗೊತ್ತಿರ್ಲಿಲ್ಲ ಮಾಮ. ನಾನು ನಿಮ್ಮನ್ನ... ಸಾರಿ ಮಾಮ.”

ಮಾಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. “ಅಯ್ಯೋ ಗಡಿಯಾರದಣ್ಣ! ಚೆಸ್ ಬೋರ್ಡಿನ ಮೇಲಾ! ಎಲ್ಲರ ಕಣ್ಣೆದುರಿಗೇ ಇಟ್ಕೊಂಡಿದ್ರಲ್ಲ!” ಎಂದು ನಗುತ್ತ ನಗುತ್ತ ಹಳದಿ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು.

* * *

ಬಿಸಿಲು ಇಳಿಯುತ್ತಿತ್ತು. ಕೆಲಸ ಮುಗಿಸಿ ಬಂದ ಅಮ್ಮ ಚಪ್ಪಲಿಯನ್ನೂ ಬಿಡದೆ ಶೆಡ್ಡಿಗೆ ಬಂದಳು. ಮಾಮ ಕ್ಲಿಪ್ ತೆಗೆದು, ಮುಚ್ಚಳ ಎತ್ತಿ, ಆನೆಯನ್ನು ಅದರ ಗೂಟದ ಮೇಲೆ ಒತ್ತಿದರು. ‘ಟಿಕ್’ ಎಂದು ಕೂತಿತು.

“ಒತ್ತು ಮಗಳೇ.”

ಅಮ್ಮ ಚೋಕ್ ಎಳೆದು ಗುಂಡಿ ಒತ್ತಿದಳು. ಕರ್‌ಕರ್‌ಕರ್. ಏನೂ ಇಲ್ಲ. ಪೊಲೀಸಮ್ಮ ಕಣ್ಣು ಮುಚ್ಚಿಕೊಂಡಳು. ಕರ್‌ಕರ್‌... ಡುರ್ರ್ರ್‌ರ್!

ತಗಡು, ಡಬ್ಬ, ಗೋಡೆಗೆ ನೇತುಹಾಕಿದ್ದ ಬಕೆಟ್ಟು ಎಲ್ಲ ಗಡಗಡ ನಡುಗಿದವು. ಹಸಿರು ಕಪ್ಪೆ ಎದ್ದಿತ್ತು!

“ಹತ್ತು ಪೊಲೀಸಮ್ಮ! ಒಂದು ರೌಂಡು!” ಎಂದು ಅಮ್ಮ ಸದ್ದನ್ನೂ ಮೀರಿ ಕೂಗಿದಳು. ಅವಳ ಮುಖ ಸೋಡಾಬುಡ್ಡಿಯಷ್ಟೇ ಚಿಕ್ಕವಳ ಮುಖದಂತೆ ಕಂಡಿತು.

ಇರುವುದು ಎರಡೇ ಸೀಟು. ಪೊಲೀಸಮ್ಮ ಅಮ್ಮನ ಪಕ್ಕದ ಸೀಟಿನ ಬಾಗಿಲು ತೆರೆದಳು. ತೆರೆದು ಪಕ್ಕಕ್ಕೆ ಸರಿದು ನಿಂತಳು.

“ಮಾಮ, ನೀವು ಕೂತ್ಕೊಳ್ಳಿ.”

“ನಾನಾ? ನಾನ್ಯಾಕಮ್ಮ...”

“ದಾರೀಲಿ ನಿಂತ್ರೆ ರಿಪೇರಿ ಮಾಡೋರು ಬೇಕಲ್ವಾ,” ಎಂದಳು ಅವಳು, ಮುಖ ಬೇರೆ ಕಡೆ ತಿರುಗಿಸಿ.

ಕಪ್ಪೆ ಗೇಟು ದಾಟಿ, ಕುಪ್ಪಳಿಸಿ, ತಿರುವಿನಲ್ಲಿ ಮರೆಯಾಯಿತು. ಪೊಲೀಸಮ್ಮ ಗೇಟಿನ ಮೇಲೆ ಹತ್ತಿ ಕೂತು ಸದ್ದನ್ನೇ ಆಲಿಸಿದಳು. ದೂರ ಹೋಯಿತು. ಆಮೇಲೆ ಮತ್ತೆ ಹತ್ತಿರ ಬಂತು.

ಅಮ್ಮ ಇಳಿದವಳೇ ದೊಡ್ಡ ಮಾವನಿಗೆ ಫೋನ್ ಮಾಡಿ, “ಟ್ರಕ್ ಬೇಡ ಅಣ್ಣ, ಹೂವಿನ ಕುಂಡಕ್ಕೆ ಬೇರೆ ಜಾಗ ನೋಡೋಕೆ ಹೇಳು,” ಎಂದಳು. ಆಮೇಲೆ ಒಳಗೆ ಹೋಗಿ ಶೆಡ್ಡಿನ ಕೀ ತಂದು ಮಾಮನ ಕೈಗಿಟ್ಟಳು. ಅವರು ಬೇಡವೆನ್ನಲಿಲ್ಲ. ಗೊಂಚಲಿಗೆ ಸೇರಿಸಲು ಮತ್ತೆ ಅಷ್ಟೇ ಹೊತ್ತು ಹಿಡಿಯಿತು.

ಮಾಮ ಬಾನೆಟ್ ತೆರೆದು ರೋಟರನ್ನು ಬಿಚ್ಚಿದರು, ತಾತ ಬಿಚ್ಚುತ್ತಿದ್ದ ಹಾಗೆಯೇ. ಬಿಚ್ಚಿ ಪೊಲೀಸಮ್ಮನ ಮುಂದೆ ಚಾಚಿದರು.

“ತಗೋ. ನಿನ್ನ ಆನೆ.”

ಅವಳು ಅಂಗೈಯಲ್ಲಿ ಹಿಡಿದಳು. ಬಿಸಿಬಿಸಿಯಾಗಿತ್ತು. ಮೇಯಲು ಹೋಗಿ ಬಂದಿತ್ತು. ಅವಳು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ತುದಿಗಾಲಲ್ಲಿ ನಿಂತು, ಅದನ್ನು ಮಾಮನ ಅಂಗಿ ಜೇಬಿಗೆ ಹಾಕಿದಳು.

“ಹಾಗಾದ್ರೆ ನಿನ್ನ ಚೆಸ್ಸಿಗೆ?”

“ಭಾನುವಾರ ಮಧ್ಯಾಹ್ನ ನೀವೇ ತಗೊಂಡ್ಬನ್ನಿ. ಕಪ್ಪು ನಿಮ್ಮದು.”

“ನಂಗೆ ಚೆಸ್ ಬರಲ್ವಲ್ಲಮ್ಮ.”

“ನಾನು ಹೇಳ್ಕೊಡ್ತೀನಿ. ಆದ್ರೆ ಮೋಸ ಮಾಡ್ಬಾರ್ದು.”

ಮಾಮ ಜೋರಾಗಿ ನಕ್ಕರು. ಅಮ್ಮನೂ ನಕ್ಕಳು.

ಹಿಂದಿನ ಚಕ್ರದ ಪಕ್ಕ ಭಾನುವಾರ ಬಿಟ್ಟುಹೋದ ಟೂತ್‌ಬ್ರಶ್ಶು ಹಾಗೇ ಬಿದ್ದಿತ್ತು. ಇನ್ನೂ ಇಪ್ಪತ್ತನಾಲ್ಕು ಕಡ್ಡಿ ಬಾಕಿ. ಪೊಲೀಸಮ್ಮ ನೆಲದ ಮೇಲೆ ಕೂತು ಇಪ್ಪತ್ತೈದನೆಯ ಕಡ್ಡಿ ಉಜ್ಜತೊಡಗಿದಳು. ಮುಂದುಗಡೆ ಮಾಮ ಬಾನೆಟ್ಟಿನೊಳಗೆ ಇನ್ನೂ ಏನೋ ಮಾಡುತ್ತಿದ್ದರು. ಏನೋ ಬಿಚ್ಚಿದ ಸದ್ದು, ಬಟ್ಟೆಯಲ್ಲಿ ಒರೆಸಿದ ಸದ್ದು ಕೇಳಿತು.

ಅವಳು ತಲೆ ಎತ್ತಿ ನೋಡಲಿಲ್ಲ. ಇಪ್ಪತ್ತಾರನೆಯ ಕಡ್ಡಿಗೆ ಹೋದಳು.